ಅತ್ತೆಯ ಪಾಲಿನ ಸೀಕು

ಮೊನ್ನೆ ಮೊಮ್ಮಗಳು ರಾಗಿಮುದ್ದೆ ಮಾಡಲು ಹೋಗಿ ತಳ ಹಿಡಿಸಿದಳು. ಆ ಕಮರು ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಅತ್ತೆ ಒಲೆಯ ಮುಂದೆ ಕೂತಂತೆ ಕಂಡಿತು… ಪಾತ್ರೆಯ ತಳಕ್ಕೆ ಸೀದು ಅಂಟಿದ್ದ ಸೀಕನ್ನು ಎಬ್ಬಿಸಿ ತಟ್ಟೆಗೆ ಹಾಕಿಕೊಂಡೆ. ಮನಶ್ಶಾಸ್ತ್ರ ಓದುವ ಹುಡುಗಿ, ಸುಮ್ಮನಿರುತ್ತಾಳೆಯೇ? "ಇದಕ್ಕೆ ಸ್ವಪೀಡನೆ ಅಂತಾರೆ ಅಜ್ಜಿ. ತನಗೆ ತಾನೇ ನೋವು ಕೊಟ್ಕೊಂಡು ಅದರಲ್ಲೇ ಸುಖ ಪಡೋದು. ನಿಮ್ಮ ಕಾಲದ ಹೆಂಗಸರೆಲ್ಲ ಹೀಗೇ" ಎಂದಳು.

ಅಯ್ಯೋ, ಆ ಪದ ಗೊತ್ತಿಲ್ಲದಿದ್ದರೂ ಅತ್ತೆಯ ಬಗ್ಗೆ ನಾನೂ ಒಮ್ಮೆ ಹಾಗೇ ತಿಳಿದಿದ್ದೆ!

ಅದು ಐವತ್ತರ ದಶಕ. ಗುಂಡ್ಲುಪೇಟೆಯಿಂದ ಹರವೆಗೆ ಸೊಸೆಯಾಗಿ ಬಂದ ಹೊಸತು. ಅತ್ತೆ ಎಲ್ಲರಿಗೂ ಬಿಸಿಮುದ್ದೆ ಬಡಿಸಿ, ತಾವು ಮಾತ್ರ ಮಡಕೆಗೆ ಅಂಟಿದ ಸೀಕನ್ನು ಎಬ್ಬಿಸಿಕೊಂಡು ಗೋಡೆಗೆ ಮುಖ ಮಾಡಿ ತಿನ್ನುತ್ತಿದ್ದರು. ಯಾರಾದರೂ ನೋಡಿದರೆ "ಸೀದೋಗದೆ, ನಿಮ್ಗ್ಯಾಕೆ ಬುಡಿ" ಎನ್ನುವರು. ನನಗೋ ಕರುಳು ಚುರ್ ಎನ್ನುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಭಯ. ಸೊಸೆ ಬಂದ ಮೇಲೂ ಅತ್ತೆಗೆ ಸೀದದ್ದೇ ಗತಿ ಎಂದು ಬಾವಿಯ ಹತ್ತಿರ ಆಡಿಕೊಂಡರೆ ನನ್ನ ಮಾನ ಉಳಿಯುತ್ತದೆಯೇ?

ಒಂದು ದಿನ ಅತ್ತೆ ಕೈ ತೊಳೆದು ಬರುವಷ್ಟರಲ್ಲಿ ಮಡಕೆಗೆ ನೀರು ಸುರಿದು, ಸೀಕನ್ನು ಬಾಚಿ ಎಮ್ಮೆಯ ಕಲಗಚ್ಚಿಗೆ ಹಾಕಿಬಿಟ್ಟೆ. ತಟ್ಟೆಯಲ್ಲಿ ಬಿಸಿಮುದ್ದೆ ಇಟ್ಟು, ಹೊಗಳುತ್ತಾರೆಂದು ಕಾದು ನಿಂತೆ. ಅತ್ತೆ ಮಡಕೆ ನೋಡಿದರು, ನನ್ನನ್ನು ನೋಡಿದರು. ಕಣ್ಣಲ್ಲಿ ನೀರು!

"ಏನ್ ಮಾಡ್ಬುಟ್ಟೆ ಕಣಮ್ಮಿ… ಈ ಮನೇಲಿ ನಂದು ಅಂತ ಇದ್ದದ್ದು ಅದೊಂದೇಯ. ಚೆಂದಾಗದೆ ಅಂದ್ರೆ ಎಲ್ರೂ ಕೈ ಚಾಚ್ತಾರೆ ಅಂತ ಸೀದೋಗದೆ ಅಂತಿದ್ದೆ."

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಮಾರನೆಯ ದಿನ ಅತ್ತೆ ಮಡಕೆಯನ್ನು ಬೇಕೆಂದೇ ಇನ್ನಷ್ಟು ಹೊತ್ತು ಕೆಂಡದ ಮೇಲೆ ಬಿಟ್ಟರು. ಹಪ್ಪಳದಂತೆ ಎದ್ದು ಬಂದ ಸೀಕಿಗೆ ಬೆಳ್ಳುಳ್ಳಿ ಖಾರ ಸವರಿ, ಎರಡು ಮಾಡಿ, ಅರ್ಧವನ್ನು ನನ್ನ ಕೈಗಿಟ್ಟರು. ಆಹಾ, ಏನು ರುಚಿ! ಅಂದಿನಿಂದ ಗೋಡೆಗೆ ಮುಖ ಮಾಡಿ ಕೂರುವವರು ಇಬ್ಬರಾದೆವು. "ಪಾಪ, ಅತ್ತೆ ಸೊಸೆ ಇಬ್ರೂ ಸೀದದ್ದೇ ತಿಂತಾವ್ರೆ" ಎಂದು ಮಾವನವರು ಮರುಗಿದರೆ ನಮಗೆ ನಗು ತಡೆಯಲಾಗುತ್ತಿರಲಿಲ್ಲ.

ಅತ್ತೆ ಆಸೆಪಟ್ಟೇ ಅದನ್ನು ತಿನ್ನಲು ಶುರು ಮಾಡಿದ್ದರೋ, ಬೇರೇನೂ ಉಳಿಯದೆ ತಿಂದೂ ತಿಂದೂ ಆಸೆ ಹುಟ್ಟಿತ್ತೋ… ಕೇಳಬೇಕಿತ್ತು. ಕೇಳಲಿಲ್ಲ. ಈಗ ಹೇಳಲು ಅವರಿಲ್ಲ.

ಮೊಮ್ಮಗಳಿಗೆ ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ನನ್ನ ಕೈ ತಟ್ಟೆಯ ಸೀಕನ್ನು ಎರಡು ಮಾಡಿಬಿಟ್ಟಿತ್ತು. ಒಂದು ನನ್ನದು, ಒಂದು ಅತ್ತೆಯದು. ಹುಡುಗಿ ಮೆಲ್ಲಗೆ ಕೈ ಚಾಚಿದಳು.

"ಸೀದೋಗದೆ, ನಿಂಗ್ಯಾಕೆ ಬುಡು" ಎಂದು ನಾನು ಗೋಡೆಯ ಕಡೆ ತಿರುಗಿ ಕೂತೆ.