ಕಡಪ ಕಲ್ಲಿನ ಮೇಜಿನ ಪ್ರದಕ್ಷಿಣೆ

ಈಗಿನವರು ಅದಕ್ಕೆ ರೌಟರ್ ಟೇಬಲ್ ಅನ್ನುತ್ತಾರಂತೆ. ಅರವತ್ತರ ದಶಕದ ಆರಂಭದಲ್ಲಿ ನಾವು ಮಾಡಿದಾಗ ಅದಕ್ಕೆ ಹೆಸರೇ ಇರಲಿಲ್ಲ. ಮೇಜಿನ ಕೆಳಗೆ ಮೋಟಾರನ್ನು ನೆಟ್ಟಗೆ ನಿಲ್ಲಿಸಿ, ಅದರ ತುದಿಗೆ ಸಿಕ್ಕಿಸಿದ ಅಲಗು ಮೇಜಿನ ತೂತಿನಿಂದ ಒಂದಂಗುಲ ತಲೆ ಎತ್ತುವಂತೆ ಮಾಡಬೇಕು. ಮರವನ್ನು ಅದಕ್ಕೆ ಒತ್ತಿ ತಳ್ಳಿಕೊಂಡು ಹೋದರೆ ಅಂಚಿನುದ್ದಕ್ಕೂ ಚಂದದ ಗೀರು ಬೀಳುತ್ತದೆ. ಹೇಳುವುದಕ್ಕೆ ಇಷ್ಟೆ. ಮಾಡುವುದಕ್ಕೆ ನನಗೆ ನಾಲ್ಕು ತಿಂಗಳು ಹಿಡಿಯಿತು. ಅದರಲ್ಲಿ ಮೂರು ತಿಂಗಳು ಬರೀ ಚಿಂತೆ.

ನಾನು ಆಗ ಉರಿಗಾಂನ ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರು. ಅಕ್ಕನನ್ನು ಬಂಗಾರಪೇಟೆಗೆ ಕೊಟ್ಟಿತ್ತು. ಭಾವ ಬಡಗಿ, ಬಾಗಿಲು ಅಂದರೆ ಅವರದೇ ಕೈಯಿಂದ ಆಗಬೇಕು ಅನ್ನುವವರು ಕಾಮಸಮುದ್ರದ ತನಕ ಇದ್ದರು. ಆ ಕಾಮಸಮುದ್ರದಲ್ಲೇ ಒಂದು ಮನೆಗೆ ತೊಲೆ ಏರಿಸುವಾಗ ಜಾರಿಬಿದ್ದು ಅವರ ಬಲಗೈ ಮಣಿಕಟ್ಟು ಮುರಿಯಿತು. ಕಟ್ಟು ಬಿಚ್ಚಿದ ಮೇಲೆ ಆ ಕೈ ತಳ್ಳುತ್ತಿತ್ತು, ಬಿಗಿಯಾಗಿ ಹಿಡಿಯುತ್ತಿರಲಿಲ್ಲ. ಅಂಚಿಗೆ ಗೀರು ಹೊಡೆಯುವ ಕೀಸುಳಿ ಎರಡು ಗೇಣು ಹೋಗುವಷ್ಟರಲ್ಲಿ ಕೈಯಿಂದ ಜಾರಿಬಿಡುತ್ತಿತ್ತು.

ರಾಬರ್ಟ್‌ಸನ್‌ಪೇಟೆಯಲ್ಲಿ ಮನೆ ಕಟ್ಟಿಸುತ್ತಿದ್ದವರೊಬ್ಬರು ದೇವರ ಕೋಣೆಯದೂ ಸೇರಿ ಏಳು ಬಾಗಿಲುಗಳನ್ನು ಭಾವನಿಗೆ ಒಪ್ಪಿಸಿದ್ದರು. ದಸರಾ ತನಕ ನೋಡುತ್ತೇನೆ, ಆಮೇಲೆ ಬೇರೆಯವರಿಗೆ ಕೊಡುತ್ತೇನೆ ಎಂದಿದ್ದರು. ಆ ಏಳು ಬಾಗಿಲು ತಪ್ಪಿದರೆ ಅವರ ಕೈ ಹೋಯಿತೆಂಬ ಮಾತು ಊರೂರಿಗೆ ಹಬ್ಬುತ್ತಿತ್ತು. ಮತ್ತೆ ಯಾರು ಕರೆಯುತ್ತಾರೆ?

ತಳ್ಳುವ ಕೈ ಉಳಿದಿದೆಯಲ್ಲ, ತಿರುಗುವ ಕೆಲಸವನ್ನು ಮೋಟಾರು ಮಾಡಲಿ ಎಂದು ನನಗೆ ಹೊಳೆಯಿತು. ಗುಜರಿಗೆ ಹಾಕಿದ್ದ ಒಂದು ಮೋಟಾರನ್ನು ಚೀಟಿ ಬರೆಸಿಕೊಂಡು ಕೊಂಡೆ. ಗೋಣಿಚೀಲದಲ್ಲಿ ಹೊತ್ತು ತರುವಾಗ ಗೇಟಿನ ಕಾವಲುಗಾರ, “ಎನ್ನಪ್ಪಾ, ಉಳ್ಳ ತಂಗಮಾ?” ಎಂದ. ಒಳಗಿರುವುದು ಚಿನ್ನವೇ ಎಂದು ತಮಾಷೆಗೆ ಕೇಳಿದ್ದು. ನಾನು ಮಾತ್ರ ತಮಾಷೆಯಾಗಿ ತಗೊಳ್ಳದೆ, ಚೀಲ ಇಳಿಸಿ ಚೀಟಿ ತೋರಿಸಿದೆ. ಆ ಚೀಟಿ ಈಗಲೂ ನನ್ನ ಟ್ರಂಕಿನಲ್ಲಿದೆ. ಯಾರಾದರೂ ಕೇಳಿದರೆ?

ಮೊದಲ ಮೇಜನ್ನು ಪೆಟ್ಟಿಗೆ ಹಲಗೆಗಳಿಂದ ಮಾಡಿದೆ. ಸ್ವಿಚ್ ಹಾಕಿದ ಕೂಡಲೇ ಅದು ಗಡಗಡ ಅಲುಗುತ್ತ ಅಂಗಳದಲ್ಲಿ ನಡೆಯತೊಡಗಿತು.

“ಲೇ, ನಿನ್ ಮೇಜು ಕೋಲಾರಕ್ಕೆ ಒಂಟೈತೆ ಕಣ್ಲಾ. ಟಿಕೀಟು ತಗಿಸಿದ್ದೀಯಾ?” ಎಂದರು ಭಾವ.

ಅಕ್ಕನ ಅಡುಗೆಮನೆಗೆ ಹಾಕಿ ಮಿಕ್ಕಿದ್ದ ಕಡಪ ಕಲ್ಲೊಂದು ಹಿತ್ತಿಲಲ್ಲಿ ಒರಗಿತ್ತು. ಕಲ್ಲುಕುಟಿಗನಿಂದ ಅದರ ನಡುವೆ ತೂತು ಹೊಡೆಸಿ, ಹಲಗೆಯ ಬದಲು ಅದನ್ನೇ ಮೇಲೆ ಕೂರಿಸಿದೆವು. ಕಂಬಳಿ ಹೊದ್ದು ಕೂತ ಯಜಮಾನನ ಹಾಗೆ ಮೇಜು ಅಲುಗದೆ ನಿಂತಿತು. ಮರ ನೇರವಾಗಿ ಸಾಗಲೆಂದು ಅಲಗಿನ ಹಿಂದೆ ಒಂದು ತೇಗದ ಪಟ್ಟಿ ಬಿಗಿದೆವು. ಭಾವ ಬಲದಿಂದ ಎಡಕ್ಕೆ ಮರ ತಳ್ಳಿದರು. ಗೀರು ಬಿತ್ತು. ಅವರು ಅದರ ಮೇಲೆ ಹೆಬ್ಬೆರಳು ಎಳೆದು ನೋಡಿದರು. ಅಕ್ಕ ಮುಖ ತಿರುಗಿಸಿಕೊಂಡು ಒಳಗೆ ಹೋದಳು. ಅಳುತ್ತಿದ್ದಳು ಅಂತ ಆಮೇಲೆ ತಿಳಿಯಿತು.

ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ಭಾವನ ತಾಯಿ, ನಾನು ಅತ್ತೆ ಅನ್ನುತ್ತಿದ್ದವರು, ಅಂಗಳದ ಮೂಲೆಯ ಕಟ್ಟೆಯಲ್ಲಿ ಕೂತು ಸ್ವಿಚ್ ಆರಿಸಿದ ಮೇಲೆ ಅಲಗು ಮೆಲ್ಲಗೆ ನಿಲ್ಲುತ್ತ ಬರುವುದನ್ನೇ ನೋಡುತ್ತಿದ್ದರು.

“ಏನಪ್ಪಾ ಇದು, ಎಡಕ್ಕೆ ಸುತ್ತೈತೆ? ದ್ಯಾವ್ರ ಕೋಣೆ ಬಾಗ್ಲಿಗೆ ಅಪ್ರದಕ್ಷಿಣೆ ಸುತ್ತೋ ಅಲಗು ಇಕ್ತಾರಾ?”

“ಸುಮ್ಕಿರಮ್ಮ,” ಎಂದರು ಭಾವ. ಅತ್ತೆ ಸುಮ್ಮನಾದರು. ನನಗೆ ಸುಮ್ಮನಿರಲು ಆಗಲಿಲ್ಲ. ವಾರವಿಡೀ ಆ ಬಾಗಿಲು ಕೂರುವ ಮನೆಯವರಿಗೆ ಬರಬಹುದಾದ ಕಷ್ಟಗಳನ್ನೆಲ್ಲ ಒಂದೊಂದಾಗಿ ನೆನೆದುಕೊಂಡೆ. ಮುಂದಿನ ಭಾನುವಾರ ಭಾವ ಸ್ನಾನಕ್ಕೆ ಹೋದಾಗ ಮೋಟಾರಿನ ಎರಡು ತಂತಿ ಅದಲುಬದಲು ಮಾಡಿ, ಅಲಗನ್ನೂ ತಿರುಗಿಸಿ ಕೂರಿಸಿದೆ. ಈಗ ಅದು ಬಲಕ್ಕೆ, ಪ್ರದಕ್ಷಿಣೆಯಾಗಿ ಸುತ್ತುತ್ತಿತ್ತು. ಭಾವ ಬಂದು ಎಂದಿನಂತೆ ಬಲದಿಂದ ಎಡಕ್ಕೆ ಮರ ತಳ್ಳಿದರು.

ಅಲ್ಲಿಯವರೆಗೆ ಅಲಗು ಮರಕ್ಕೆ ಎದುರಾಗಿ ಬರುತ್ತಿತ್ತು, ಕೈ ಅದನ್ನು ತಡೆದು ನಿಲ್ಲಿಸುತ್ತಿತ್ತು. ಈಗ ಎರಡೂ ಒಂದೇ ಕಡೆಗೆ. ದೇವರ ಕೋಣೆಗೆಂದು ತಂದಿದ್ದ ತೇಗವನ್ನು ಅಲಗು ಕಚ್ಚಿ ಕಿತ್ತುಕೊಂಡು ಎಸೆಯಿತು. ಅದು ಹಾರಿಹೋಗಿ ಕಟ್ಟೆಯ ಗೋಡೆಗೆ ಬಡಿಯಿತು. ಅತ್ತೆ ಕೂರುತ್ತಿದ್ದ ಜಾಗ. ಸಾರು ಉಕ್ಕಿತೆಂದು ಅವರು ಆಗಷ್ಟೇ ಎದ್ದು ಹೋಗಿದ್ದರು. ಆ ಸಾರಿಗೆ ನಾನು ಇವತ್ತಿಗೂ ಋಣಿ.

ಭಾವ ಸ್ವಿಚ್ ಆರಿಸಿದರು. ತಮ್ಮ ಬೆರಳುಗಳನ್ನು ಮಡಚಿ ಬಿಡಿಸಿ ನೋಡಿಕೊಂಡರು. “ಏನ್ ಮಾಡ್ದೆ?”

“ತಂತಿ ಬದಲಾಯಿಸ್ದೆ ಭಾವ... ಪ್ರದಕ್ಷಿಣೆ ಬರಲಿ ಅಂತ.”

ನನ್ನ ಕೆನ್ನೆ ಏಟಿಗೆ ಸಿದ್ಧವಾಗಿತ್ತು. ಭಾವ ಒಳಗೆ ಕೂಗಿದರು: “ಅಮ್ಮಾ, ಇಲ್ಲಿ ಬಾ. ಗುಡೀಲಿ ಸುತ್ತೋರು ಯಾರು, ದ್ಯಾವ್ರಾ, ನಾವಾ?”

“ನಾವೇ ಕಣ್ಲಾ. ದ್ಯಾವ್ರು ಯಾಕೆ ಸುತ್ತಾನೆ?”

“ಅಂಗಾದ್ರೆ ಮರ ನೋಡು.” ನಿಂತ ಅಲಗಿನ ಮುಂದೆ ಅವರು ಮರವನ್ನು ಬಲದಿಂದ ಎಡಕ್ಕೆ ಮೆಲ್ಲಗೆ ಸಾಗಿಸಿದರು. “ಅಲಗು ಮರದ ಬಲಕ್ಕೆ ಬತ್ತೈತಾ ಇಲ್ವಾ? ಪ್ರದಕ್ಷಿಣೆ ಮರ ಆಕ್ತೈತೆ. ಅಲಗು ಎಂಗಾನಾ ತಿರುಗ್ಕೊಳ್ಲಿ.”

ಅತ್ತೆ ಕಣ್ಣು ಕಿರಿದು ಮಾಡಿ ನೋಡಿದರು. “ಮೊದ್ಲೇ ಏಳ್ಬಾರ್ದಾ?” ಎಂದು ಒಳಗೆ ಹೋಗಿ ಕುಂಕುಮ ತಂದು ಕಡಪ ಕಲ್ಲಿಗೆ ಇಟ್ಟರು.

ನಾನು ಮೇಜು ಬಿಚ್ಚಿಬಿಡೋಣ ಎಂದೆ. ಇವತ್ತು ತಪ್ಪಿತು, ನಾಳೆ ಬೆರಳು ಹೋದರೆ?

“ನಿನ್ ಬಯ ನೀನಿಟ್ಕೋ, ಮೇಜು ನನ್ಗೆ ಬುಡು,” ಎಂದರು ಭಾವ.

ತಂತಿ, ಅಲಗು ಎರಡನ್ನೂ ಮೊದಲಿನಂತೆ ಮಾಡಿದೆ. ಅಕ್ಕ ಒಂದು ಹಳೆಯ ಇಡ್ಲಿ ತಟ್ಟೆ ಕೊಟ್ಟಳು. ಅದನ್ನು ಬಗ್ಗಿಸಿ ಬೆರಳು ತಾಕದಂತೆ ಅಲಗಿಗೆ ಕೊಡೆ ಹಿಡಿಸಿದೆ. ಆಯುಧಪೂಜೆಗೆ ಮೂರು ದಿನ ಇರುವಾಗ ಏಳನೆಯ ಬಾಗಿಲು ಮುಗಿಯಿತು. ಆಮೇಲೆ ಆ ಮೇಜಿನ ಮೇಲೆ ಎಷ್ಟು ಬಾಗಿಲುಗಳು ಹೋದವೋ ನಾನು ಲೆಕ್ಕವಿಟ್ಟಿಲ್ಲ. ಕೈ ಹೋಯಿತೆಂಬ ಮಾತು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ.

ಅಲಗು ಕಚ್ಚಿದ ತೇಗವನ್ನು ಭಾವ ಎಸೆಯಲಿಲ್ಲ. ಗಾಯದ ಅಳತೆಗೆ ಹುಣಸೆಬೀಜದಷ್ಟು ಮರ ಕೆತ್ತಿ ಕೂರಿಸಿ, ದೇವರ ಕೋಣೆಯ ಬಾಗಿಲಿಗೇ ಹಾಕಿದರು. ಆ ಗಾಯ ಯಾರ ಕೆಲಸವೆಂದು ಮನೆಯ ಯಜಮಾನರಿಗೆ ಕೊನೆಯ ತನಕ ಹೇಳಲಿಲ್ಲ. ಅದಾಗಿ ಐವತ್ತು ವರ್ಷ ದಾಟಿದ ಮೇಲೂ ರಾಬರ್ಟ್‌ಸನ್‌ಪೇಟೆಗೆ ಹೋದಾಗ ಆ ಮನೆಗೆ ಹೋಗುತ್ತೇನೆ. ಕೈಮುಗಿಯುವ ನೆಪದಲ್ಲಿ ಬಾಗಿಲ ಮೇಲಂಚಿಗೆ ಬೆರಳು ಒತ್ತಿ ನೋಡುತ್ತೇನೆ. ತೇಪೆ ಗಟ್ಟಿಯಾಗಿಯೇ ಇದೆ. ಮೊನ್ನೆ ಒಂದು ಕೂದಲೆಳೆಯಷ್ಟು ಅಲುಗಿದ ಹಾಗೆ ಅನ್ನಿಸಿತು. ಹೋದ ಸಲವೂ ಹಾಗೇ ಅನ್ನಿಸಿತ್ತು.