ಶಿವದಾರ ಹರಿದ ಮೇಲೆ

ಬೀಳಗಿಗೆ ಮದುವೆ ಮಾಡಿಕೊಟ್ಟಿದ್ದ ತಂಗಿ ಮೊದಲ ಸಲ ಬನಹಟ್ಟಿಯ ನಮ್ಮ ಮನೆಗೆ ಓಡಿಬಂದಾಗ ಅವಳ ಎಡಗಣ್ಣು ಬಾತುಕೊಂಡಿತ್ತು. ಗಂಡ ಹೊಡೆದಿದ್ದ. ಅವ್ವ ಅರಿಶಿಣ ಹಚ್ಚಿದಳು, ಬಿಸಿ ರೊಟ್ಟಿ ಉಣಿಸಿದಳು. ಆಮೇಲೆ ಅಂದಳು: "ಸೋಮವಾರ ಒಪ್ಪತ್ತು ಹಿಡಿಯವ್ವಾ. ಶಿವ ಅವಂಗ ಛಲೋ ಬುದ್ಧಿ ಕೊಡ್ತಾನ."

ಅವ್ವನದು ತೋರಿಕೆಯ ಭಕ್ತಿಯಲ್ಲ. ಅಪ್ಪ ತೀರಿಕೊಂಡ ಮೇಲೆ ಮಗ್ಗ ನಡೆಸಿ ನಮ್ಮಿಬ್ಬರನ್ನು ಸಾಕಿದ್ದು ಆ ನಂಬಿಕೆಯ ಬಲದ ಮೇಲೆಯೇ. ನನಗೆ ಅಂಥ ನಂಬಿಕೆ ಇರಲಿಲ್ಲ. ಅವ್ವನ ಮಾತು ನನಗೆ ಅನುಕೂಲವಾಗಿತ್ತು, ಅಷ್ಟೇ. ಓಣಿಯವರು ಕೇಳುವ ಮೊದಲೇ ತಂಗಿಯನ್ನು ಬೈಕಿನ ಮೇಲೆ ಕೂಡಿಸಿಕೊಂಡು ಗಂಡನ ಮನೆಗೆ ಬಿಡಲು ಹೊರಟೆ.

ಜಮಖಂಡಿ ದಾಟಿದ ಮೇಲೆ ಹಿಂದಿನಿಂದ ಕೇಳಿದಳು: "ಅಣ್ಣಾ, ಮತ್ತ ಹೊಡದ್ರ ಏನ್ ಮಾಡ್ಲಿ?"

"ದೇವರ ಅದಾನ ಬಿಡವ್ವಾ," ಅಂದೆ.

ಆಮೇಲೂ ಬಂದಳು. ಆಗಲೂ ಬಿಟ್ಟುಬಂದೆ.

ಕಳೆದ ಶ್ರಾವಣದಲ್ಲಿ ಒಂದು ಮುಂಜಾನೆ ಅವಳು ಪೂಜೆಗೆ ಕೂತಿದ್ದಾಗ ಗಂಡ ಕೊರಳಿಗೇ ಕೈ ಹಾಕಿ ಎಳೆದ. ಶಿವದಾರ ಹರಿದು ಇಷ್ಟಲಿಂಗ ನೆಲಕ್ಕೆ ಬಿತ್ತು. ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿ ಬಂದಳು.

ಹರಿದ ದಾರ ನೋಡಿ ಅವ್ವ ಚೀರಿದಳು: "ಲಿಂಗಕ್ಕ ಕೈ ಹಚ್ಚಿದ್ನಾ? ಇನ್ನ ಆ ಮನಿ ಹೊಸ್ತಿಲಾ ತುಳಿಬ್ಯಾಡ!" ನನಗೂ ರಕ್ತ ಕುದಿಯಿತು. ಓಣಿಯ ಹಿರಿಯರನ್ನು ಕರೆತಂದೆ. ಲಿಂಗಕ್ಕೆ ಅಪಚಾರವಾಯಿತು, ಬಿಡಬಾರದು ಎಂದು ಎಲ್ಲರೂ ಒಂದೇ ಸಮನೆ ಕೂಗಾಡಿದೆವು.

ತಂಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಮೆಲ್ಲಗೆ ಅಂದಳು: "ದಾರ ಹರಿದದ್ದು ಎಲ್ಲಾರಿಗೂ ಕಾಣಿಸ್ತು. ನನ್ನ ಕಣ್ಣು ಬಾತದ್ದು ಯಾರಿಗೂ ಕಾಣಿಸಲಿಲ್ಲೇನ ಅಣ್ಣಾ?"

ಹಿರಿಯರು ನೆಲ ನೋಡಿದರು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮರುದಿನ ಮೂವರೂ ಪೊಲೀಸ್ ಠಾಣೆಗೆ ಹೋದೆವು. ತಂಗಿ ಹೇಳಿದ್ದನ್ನೆಲ್ಲ ಬರೆದುಕೊಂಡ ಮಹಿಳಾ ಪೊಲೀಸರು ಪೆನ್ನು ಕೆಳಗಿಡುವಾಗ ಅವ್ವ ತಡೆದಳು. "ಇನ್ನೊಂದ್ ಬರ್ಕೋರಿ. ಮೊದಲ್ನೇ ಸಲ ಬಂದಾಗ ನಾನ ಹೊಳ್ಳಿ ಕಳಿಸಿದ್ನಿರಿ. ದೇವರ ಹೆಸರ ಹೇಳಿ ಕಳಿಸಿದ್ನಿ."

"ಅದೆಲ್ಲಾ ಬೇಕಾಗಿಲ್ಲಬೇ ಯವ್ವಾ," ಅಂದರು ಅವರು.

ಕರೆದುಕೊಂಡು ಹೋಗಿ ಬಿಟ್ಟವನು ನಾನು ಎಂದು ಹೇಳಬೇಕಿತ್ತು. ಪಕ್ಕದಲ್ಲೇ ನಿಂತಿದ್ದೆ, ಹೇಳಲಿಲ್ಲ.

ಕೇಸು ಇನ್ನೂ ನಡೆದಿದೆ. ತಂಗಿ ಸೀರೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಬೆಳಿಗ್ಗೆ ಅವ್ವನೂ ಅವಳೂ ಒಟ್ಟಿಗೇ ಪೂಜೆಗೆ ಕೂರುತ್ತಾರೆ. ನನ್ನನ್ನು ಅವರು ಬೈದಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತೇನೋ.