ಹೊತ್ತು ಮುಳುಗುವ ಮುಂಚಿನ ನೀರು

ನಿಪ್ಪಾಣಿಯ ಆಚೆ, ಅರಣ್ಯ ಇಲಾಖೆಯ ಗುಡ್ಡದಲ್ಲಿ ಗೇರ್ ಸೈಕಲ್ ಹೊಡೆಯುವ ಚಟ ನನಗೂ ಶೇಡಬಾಳದ ನನ್ನ ಗೆಳೆಯನಿಗೂ ಒಟ್ಟಿಗೇ ಹತ್ತಿತ್ತು. ಅವನು ದ್ರಾಕ್ಷಿ ಬೆಳೆಯುವ ಜೈನರ ಮನೆಯವನು. ಚಾತುರ್ಮಾಸದಲ್ಲಿ ಹೊತ್ತು ಮುಳುಗಿದ ಮೇಲೆ ನೀರನ್ನೂ ಕುಡಿಯುವುದಿಲ್ಲ. ನಾನು ಏನನ್ನೂ ನಂಬದವನು. ಗೆಳೆತನದ ಅಷ್ಟು ವರ್ಷ ಅದು ನಮ್ಮಿಬ್ಬರಿಗೂ ಬರೀ ತಮಾಷೆಯ ವಿಷಯ.

ಚಾತುರ್ಮಾಸದ ನಡುವೆ ಮಳೆ ಬಿಡುವು ಕೊಟ್ಟ ಆ ದಿನ ಬಿಸಿಲು ಸುಡುತ್ತಿತ್ತು. ಇಳಿಜಾರಿನ ಕಲ್ಲುಗಳಲ್ಲಿ ಅವನ ನೀರಿನ ಬಾಟಲಿ ಎಲ್ಲೋ ಹಾರಿಬಿತ್ತು. ಸ್ವಲ್ಪ ಮುಂದೆ ಸೈಕಲ್ಲಿನ ಚೈನು ತುಂಡಾಯಿತು. ನನ್ನ ನೀರು ಕೊಡಹೋದರೆ, "ಕೆಳಗ ಹೋಗಿ ಕುಡದರಾತು ಬಾ" ಎಂದು ಸೈಕಲ್ ತಳ್ಳಿಕೊಂಡು ನಡೆದ. ಲಂಟಾನದ ಪೊದೆ ಮುಚ್ಚಿದ ಒಂದು ತಿರುವಿನಲ್ಲಿ ಕಾಲು ಸೆಟೆದು ಕುಸಿದ. ಮುಖ ಬಿಳಿಚಿತ್ತು, ಮಾತು ತೊದಲುತ್ತಿತ್ತು. ಬಾಟಲಿ ಬಾಯಿಗೆ ಹಿಡಿದೆ. ಕೈಯಿಂದ ತಡೆದ.

"ಹೊತ್ತ ಮುಣಗೇತೇನ ನೋಡ ಮೊದಲ."

ಎದುರಿನ ಗುಡ್ಡ ಪಡುವಣವನ್ನು ಮುಚ್ಚಿತ್ತು. ಮೊಬೈಲಿನಲ್ಲಿ ಗಂಟೆ ಕಾಣುತ್ತಿತ್ತು, ಸೂರ್ಯಾಸ್ತ ಎಷ್ಟಕ್ಕೆಂದು ನೋಡಲು ನೆಟ್‌ವರ್ಕ್ ಇರಲಿಲ್ಲ. ಬಂಡೆಯೊಂದನ್ನು ಹತ್ತಿ ನೋಡಿದೆ. ಇವತ್ತು ನೆನೆದರೆ ಗಿಡಗಳ ಸಂದಿಯಲ್ಲಿ ಒಂದು ಕೆಂಪು ಅಂಚು ಕಾಣುತ್ತದೆ. ಅದು ಸೂರ್ಯನದೋ, ಮೋಡದ್ದೋ, ಆಮೇಲೆ ನಾನೇ ಸೇರಿಸಿಕೊಂಡದ್ದೋ ಹೇಳಲಾರೆ. ಇಳಿದು ಬಂದೆ.

"ಇನ್ನೂ ಐತಿ ಅನಸ್ತೈತಿ."

"ಅನಸ್ತೈತ್ಯೋ, ಐತ್ಯೋ?"

ಐತಿ ಎಂಬ ಒಂದೇ ಮಾತು ಸಾಕಿತ್ತು. ನನ್ನ ಮಾತಿನ ಮೇಲೆ ಅವನು ಕುಡಿಯುತ್ತಿದ್ದ. ಆದರೆ ಇಷ್ಟು ಕಾಲ ಎಲ್ಲರನ್ನೂ "ಕಣ್ಣಾರೆ ಕಂಡಿದ್ದೀರಾ?" ಎಂದು ಕಾಡಿದ ನನ್ನ ಬಾಯಿಂದ ಅದು ಹೊರಡಲಿಲ್ಲ.

"ಇಷ್ಟ ಸಾಲಿ ಕಲತ ಒಂದ ಸೂರ್ಯಾನ್ನ ನೋಡಾಕ ಬರೂದಿಲ್ಲಲೇ ನಿನಗ" ಎಂದು ನಗಲು ಹೋಗಿ ಕೆಮ್ಮಿದ. "ತಲಿ ಮ್ಯಾಲೆ ಹಾಕ. ಅದಕ್ಕೇನ ಅಡ್ಡಿಯಿಲ್ಲ."

ನೀರೆಲ್ಲ ಅವನ ನೆತ್ತಿಯ ಮೇಲೆ ಸುರಿದು, ಹೆಲ್ಮೆಟ್ಟಿನಿಂದ ಗಾಳಿ ಹಾಕುತ್ತ ಕುಳಿತೆ. ಬೈದೆ, ಬೇಡಿಕೊಂಡೆ. ಕೂಗಿದರೆ ಕೇಳುವವರು ಯಾರೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಕತ್ತಲಾಯಿತು, ಆ ಪ್ರಶ್ನೆಯೇ ಉಳಿಯಲಿಲ್ಲ.

ಸೈಕಲ್ಲುಗಳನ್ನು ಅಲ್ಲೇ ಬಿಟ್ಟು, ಅವನನ್ನು ಹೆಗಲಿಗೆ ಆನಿಸಿಕೊಂಡು ಇಳಿದೆ. ಎಷ್ಟು ಸಲ ಕುಳಿತೆವೋ ನೆನಪಿಲ್ಲ. ಡಾಂಬರು ರಸ್ತೆಯಲ್ಲಿ ಒಂದು ಟೆಂಪೋ ಸಿಕ್ಕಿ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅವನಿಗೆ ಅರೆಪ್ರಜ್ಞೆ. ಸಲೈನ್ ಹಚ್ಚಿದರು. ಅರ್ಧ ಬಾಟಲಿ ಇಳಿದ ಮೇಲೆ ಕಣ್ಣು ತೆರೆದ. ಹನಿಹನಿಯಾಗಿ ಬೀಳುತ್ತಿದ್ದ ನೀರನ್ನೇ ನೋಡುತ್ತ ಮಲಗಿದ್ದ. ಆಮೇಲೆ ನನ್ನ ಕಡೆ ತಿರುಗಿದ.

"ಇದೂ ಕುಡದಂಗ ಆತೇನಲೇ?"

ಅವನ ಕೈ ಹಿಡಿದುಕೊಂಡೆ.